ಎತ್ತಿ ಕೂರಿಸಿ

ಕಡಬ
18 ಜೂನ್ 2024

ನಶೀದಾ ಮೇಡಂ ಅವರಿಗೆ,

ನಮಸ್ಕಾರ. ಶನಿವಾರ ಪುತ್ತೂರಿನಲ್ಲಿ ತರಬೇತಿ ಮುಗಿಯುವಾಗ ನೀವು ಆಂಬ್ಯುಲೆನ್ಸ್ ಸಿಬ್ಬಂದಿಗೆಲ್ಲ ಸ್ಟಾಂಪು ಹಚ್ಚಿದ ಒಂದೊಂದು ಲಕೋಟೆ ಹಂಚಿದಿರಂತೆ. ಕಲಿತದ್ದೇನು, ತಿಳಿಯದೆ ಉಳಿದದ್ದೇನು ಎಂದು ಕೈಯಲ್ಲೇ ಬರೆದು ಕಳಿಸಬೇಕು, ವಾಟ್ಸಾಪ್ ಬೇಡ ಎಂದಿರಂತೆ. ನನ್ನ ಲಕೋಟೆಯನ್ನು ನಮ್ಮ ಗಾಡಿ ಓಡಿಸುವ ಪೈಲಟ್ ಕಿಟ್ಟಣ್ಣ ತಂದು ಕೊಟ್ಟರು. ಊಟಕ್ಕೆ ಮೊದಲೇ ನಾನು ಎದ್ದು ಹೋದದ್ದನ್ನು ನೀವು ನೋಡಿದಿರಿ. ಮನೆಯಿಂದ ಫೋನ್ ಬಂದಿತ್ತು.

ಒಂದೇ ಹಾಸ್ಟೆಲ್ ಕೋಣೆಯಲ್ಲಿ ಮೂರು ವರ್ಷ ಜೊತೆಗಿದ್ದು ನರ್ಸಿಂಗ್ ಓದಿದವಳನ್ನು ಮೇಡಂ ಎಂದು ಬರೆಯುವಾಗ ಪೆನ್ನು ತಡೆಯುತ್ತದೆ. ಆದರೆ ನಿಮ್ಮ ಕೊರಳಿನ ಕಾರ್ಡಿನಲ್ಲಿ ‘ಮುಖ್ಯ ತರಬೇತುದಾರರು’ ಎಂದಿತ್ತು. ಆ ಜಾಗಕ್ಕೆ ನಾನೂ ಅರ್ಜಿ ಹಾಕಿದ್ದೆ. ನಿಮಗೆ ಅದು ಗೊತ್ತಿತ್ತೋ ಇಲ್ಲವೋ. ಗಾಡಿಯಲ್ಲಿ ನಾನು ಕೂತದ್ದು ಒಂಬತ್ತು ವರ್ಷ. ನೀವು ಆರು.

ಕಲಿತದ್ದು ಬರೆಯುತ್ತೇನೆ. ಬೆನ್ನುಹುರಿಗೆ ಪೆಟ್ಟಾಗಿ ಎದೆಯಿಂದ ಕೆಳಗೆ ಸ್ಪರ್ಶವಿಲ್ಲದವರಿಗೆ ಬಿಪಿ ತೊಂಬತ್ತು ಇದ್ದರೆ ಅದೇ ಅವರ ಸಹಜ ಬಿಪಿ. ಅವರಲ್ಲಿ ನೂರೈವತ್ತು ಕಂಡರೆ ಅದು ಅಪಾಯ. ಗಟ್ಟಿ ಬೋರ್ಡಿನ ಮೇಲೆ ಹೆಚ್ಚು ಹೊತ್ತು ಬಿಟ್ಟರೆ ಬೆನ್ನಲ್ಲಿ ಹುಣ್ಣಾಗುತ್ತದೆ, ಆದದ್ದು ಅವರಿಗೆ ಗೊತ್ತೂ ಆಗುವುದಿಲ್ಲ.

ತಿಳಿಯದೆ ಉಳಿದದ್ದು ಒಂದು. ಹಾಗೆ ಬಿಪಿ ಏರಿದವರನ್ನು ಮಲಗಿಸಬಾರದು, ನೇರ ಎತ್ತಿ ಕೂರಿಸಬೇಕು ಎಂದಿರಿ. ಸಭಾಂಗಣದಲ್ಲಿ ಕೂರಿಸಬಹುದು. ಕಾಣಿಯೂರಿನ ತಿರುವುಗಳಲ್ಲಿ, ಓಡುವ ಗಾಡಿಯಲ್ಲಿ, ಕಾಲಿಗೆ ಬಲವಿಲ್ಲದ ಎಪ್ಪತ್ತು ಕಿಲೋದ ಮನುಷ್ಯನನ್ನು ಒಬ್ಬಳೇ ಹೇಗೆ ಕೂರಿಸುವುದು ಎಂದು ಹೇಳಲಿಲ್ಲ. ‘ನಮ್ಮವರು ಗೊತ್ತಿಲ್ಲದೆ ಮಲಗಿಸಿಬಿಡುತ್ತಾರೆ’ ಎಂದು ಮಾತ್ರ ಮೈಕಿನಲ್ಲಿ ನಗುತ್ತಾ ಹೇಳಿದಿರಿ. ಕೂತವರೂ ನಕ್ಕರು. ಅದರಲ್ಲಿ ನಗುವಂಥದ್ದು ಏನಿತ್ತು ಎಂದು ನನಗೆ ತಿಳಿಯಲಿಲ್ಲ.

ಇತಿ,
ಸುಪ್ರಿತಾ
ಆಂಬ್ಯುಲೆನ್ಸ್ ಸಿಬ್ಬಂದಿ, ಕಡಬ


ಉಪ್ಪಿನಂಗಡಿ
2 ಜುಲೈ 2024

ಸುಪ್ರೀ,

ಮೂವತ್ತೆರಡು ಕಾಗದ ಬಂದವು. ಮೂವತ್ತೊಂದರಲ್ಲಿ ‘ತುಂಬಾ ಉಪಯುಕ್ತವಾಗಿತ್ತು’ ಎಂದಿದೆ. ಓದುವ ಹಾಗಿದ್ದದ್ದು ನಿನ್ನದೊಂದೇ. ಇನ್ನೊಮ್ಮೆ ಮೇಡಂ ಎಂದು ಬರೆದರೆ ಹರಿದು ಹಾಕುತ್ತೇನೆ. ಒಂದು ಕಾಗದ ಹರಿಯಲು ನನಗೆ ಹತ್ತು ನಿಮಿಷ ಬೇಕು, ಅಷ್ಟು ಕಷ್ಟ ಕೊಡಬೇಡ.

ಕೈಬರಹ ಯಾಕೆ ಎಂದರೆ, ಮಂಗಳೂರಿನ ಪುನರ್ವಸತಿ ಕೇಂದ್ರದವರು ನನ್ನ ಬೆರಳಿಗೆ ಕೊಟ್ಟ ವ್ಯಾಯಾಮ ಅದು. ಬೆಳಿಗ್ಗೆ ಉಮ್ಮ ನನ್ನ ಅಂಗೈಗೆ ಪಟ್ಟಿ ಕಟ್ಟಿ ಅದರಲ್ಲಿ ಪೆನ್ನು ಸಿಕ್ಕಿಸುತ್ತಾಳೆ. ದಿನಕ್ಕೆ ಹತ್ತು ಸಾಲು. ಸುಮ್ಮನೆ ಬರೆಯಲು ನನ್ನಲ್ಲಿ ವಿಷಯವಿಲ್ಲ, ಯಾರಾದರೂ ಬರೆದರೆ ಉತ್ತರ ಬರೆಯಲೇಬೇಕಲ್ಲ ಎಂದು ಲಕೋಟೆ ಹಂಚಿದೆ. ಈ ಕಾಗದಕ್ಕೆ ಎಂಟು ದಿನ ಹಿಡಿಯಿತು.

ನಾನು ಬಿದ್ದದ್ದು ನಿನಗೆ ಗೊತ್ತಿರುವುದೇ. ಟೆರೇಸಿನಲ್ಲಿ ಕೊಬ್ಬರಿ ಒಣಗಿಸಿತ್ತು, ನವೆಂಬರಿನಲ್ಲಿ ಬರಬಾರದ ಮಳೆ ಬಂತು, ಟರ್ಪಾಲು ಎಳೆಯುತ್ತಾ ಹಿಂದೆ ಹಿಂದೆ ಹೋದೆ. ಹಿಂದೆ ಟೆರೇಸು ಮುಗಿದಿತ್ತು. ಆಮೇಲಿನದ್ದು ನಿನಗೆ ಗೊತ್ತಿಲ್ಲ. ಕೇಂದ್ರದಿಂದ ಮನೆಗೆ ಬಂದ ಎರಡನೇ ವಾರ ಒಂದು ಮಧ್ಯಾಹ್ನ ತಲೆ ಒಡೆದು ಹೋಗುವ ಹಾಗೆ ನೋವು. ಮುಖ ಕೆಂಪು, ಹಣೆಯಲ್ಲಿ ಬೆವರು, ತೋಳಿನ ಕೂದಲು ನೆಟ್ಟಗೆ. ಯಾರದೋ ಖಾಸಗಿ ಗಾಡಿ ಬಂತು. ಅದರವರು ನನ್ನನ್ನು ಮಲಗಿಸಿದರು. ಮಲಗಿಸಿದ ಕೂಡಲೇ ಕಣ್ಣು ಮಂಜಾಯಿತು. ಉಮ್ಮನಿಗೆ ಅಕ್ಷರ ಬರುವುದಿಲ್ಲ, ಬಿಪಿ ಎಂದರೆ ಏನೆಂದು ತಿಳಿಯದು. ನನ್ನ ಕಿರುಚಾಟ ಕೇಳಲಾಗದೆ ಮಗುವನ್ನು ಎತ್ತುವ ಹಾಗೆ ಬೆನ್ನಿಗೆ ಕೈಕೊಟ್ಟು ಎತ್ತಿ ಎದೆಗೆ ಒರಗಿಸಿಕೊಂಡಳು. ಅದರಿಂದ ಉಳಿದೆ. ಮೂತ್ರದ ಟ್ಯೂಬ್ ಮಡಚಿತ್ತು, ಅಷ್ಟೇ. ಕೆಳಗಿನ ದೇಹ ಕೂಗುತ್ತದೆ, ಮೆದುಳಿಗೆ ಕೇಳಿಸುವುದಿಲ್ಲ, ಬಿಪಿ ಏರುತ್ತಾ ಹೋಗುತ್ತದೆ. ನಮ್ಮ ಪುಸ್ತಕದಲ್ಲಿ ಇದು ಎಂಟು ಸಾಲು ಇತ್ತು, ಪರೀಕ್ಷೆಗೆ ಬರುವುದಿಲ್ಲವೆಂದು ನಾವಿಬ್ಬರೂ ಬಿಟ್ಟ ಪುಟ.

ನಿನ್ನ ಪ್ರಶ್ನೆಗೆ ಉತ್ತರ. ಓಡುವ ಗಾಡಿಯಲ್ಲಿ ಕೂರಿಸಬೇಡ. ಗಾಡಿ ನಿಲ್ಲಿಸು. ಸ್ಟ್ರೆಚರಿನ ಬೆನ್ನು ಪೂರ್ತಿ ಎತ್ತು, ಕಾಲು ಕೆಳಗೆ ಇಳಿಬಿಡು, ಎದೆಯ ಬೆಲ್ಟ್ ಸಡಿಲಿಸು, ಟ್ಯೂಬ್ ಮಡಚಿದೆಯೋ ನೋಡು. ಮತ್ತೆ ಹೊರಡು. ಎರಡು ನಿಮಿಷದ ಕೆಲಸ.

ನಾನು ಬಿದ್ದು ಆಸ್ಪತ್ರೆಯಲ್ಲಿದ್ದಾಗ ನೀನು ವಾರ್ಡಿನ ಬಾಗಿಲವರೆಗೆ ಬಂದು ಹೋದೆಯಂತೆ. ಉಮ್ಮ ಕಂಡಿದ್ದಳು. ಯಾಕೆ ಎಂದು ಕೇಳುವುದಿಲ್ಲ. ಆಗಸ್ಟಿನಲ್ಲಿ ಸುಳ್ಯದಲ್ಲಿ ಎರಡನೇ ತರಬೇತಿ ಉಂಟು, ಬಾ.

ನಿನ್ನ
ನಶೀದಾ


ಕಡಬ
9 ಜುಲೈ 2024

ನಶೀದಾ,

ಎರಡು ನಿಮಿಷದ ಕೆಲಸ ಎಂದು ಬರೆದಿದ್ದೀಯ. ಯಾವಾಗಲೂ ನಿನಗೆ ಎಲ್ಲವೂ ಎರಡು ನಿಮಿಷದ ಕೆಲಸವೇ. ನಾನು ಮೂರು ಸಲ ಚುಚ್ಚಿದರೂ ಸಿಗದ ನರ ನಿನಗೆ ಒಂದೇ ಸಲಕ್ಕೆ ಸಿಗುತ್ತಿತ್ತು. ವಾರ್ಡನ್ ಬೈಯುವಾಗ ಇಬ್ಬರಿಗೂ ಬೈಯುತ್ತಿದ್ದರು, ಹೊಗಳುವಾಗ ನಿನ್ನೊಬ್ಬಳನ್ನೇ.

ನೀನು ಬಿದ್ದ ಮೇಲೆ ನಿನ್ನ ಗಾಡಿಗೆ ನನ್ನನ್ನು ಹಾಕಿದರು. ನಿನ್ನ ಸೀಟು, ನಿನ್ನ ಕಿಟ್ಟಣ್ಣ. ಎರಡೂವರೆ ವರ್ಷದಿಂದ ಅವರ ಬಾಯಲ್ಲಿ ಒಂದೇ ಮಾತು. ಗಾಡಿ ತೊಳೆಯುವಾಗ ನಶೀದಾ ಮೇಡಂ ಹೀಗೆ ತೊಳೆಸುತ್ತಿದ್ದರು, ಹೆರಿಗೆ ಕೇಸಿನಲ್ಲಿ ನಶೀದಾ ಮೇಡಂ ಹಾಡು ಹೇಳುತ್ತಿದ್ದರು. ಕಳೆದ ತಿಂಗಳು ಬಿಳಿನೆಲೆಯ ಹತ್ತಿರ ಗಾಡಿಯೊಳಗೇ ಹೆರಿಗೆ ಮಾಡಿಸಿದೆ. ತಾಯಿ, ಮಗು ಇಬ್ಬರೂ ಗಟ್ಟಿ. ಕೈ ತೊಳೆದು ಬರುವಾಗ ಕಿಟ್ಟಣ್ಣ ಎಂತ ಹೇಳಿದರು ಗೊತ್ತಾ? ‘ನೀವೂ ಈಗ ಅವರ ಹಾಗೇ ಮಾಡ್ತೀರಿ ಮಾರಾಯ್ರೆ.’ ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಆ ದಿನ ಊಟ ಮಾಡಲಿಲ್ಲ.

ಇದನ್ನು ಬರೆಯಬಾರದು, ಬರೆಯುತ್ತೇನೆ. ಆ ಗಾಲಿಕುರ್ಚಿ ಇಲ್ಲದಿದ್ದರೆ ಆ ಮೈಕ್ ನಿನಗೆ ಸಿಗುತ್ತಿತ್ತಾ? ನನಗಿಂತ ನಿನಗೆ ಹೆಚ್ಚು ಗೊತ್ತಿರುವುದು ನೀನು ಟೆರೇಸಿನಿಂದ ಬಿದ್ದೆ ಎಂಬುದು ಮಾತ್ರ. ನೀನು ಕುರ್ಚಿಯಲ್ಲಿ ಒಳಗೆ ಬರುವಾಗ ಎಲ್ಲರೂ ಎದ್ದು ನಿಂತರು. ನಾನು ಒಳಗೆ ಬರುವಾಗ ಯಾರೂ ತಲೆ ಎತ್ತಿರಲಿಲ್ಲ.

ಸುಳ್ಯಕ್ಕೆ ಬರುವುದಿಲ್ಲ.

ಸುಪ್ರಿತಾ


ಉಪ್ಪಿನಂಗಡಿ
3 ಸೆಪ್ಟೆಂಬರ್ 2024

ಸುಪ್ರೀ,

ಎರಡು ತಿಂಗಳು ಬರೆಯಲಿಲ್ಲ. ಮಳೆಗಾಲದ ಮಧ್ಯದಲ್ಲಿ ಎರಡೂ ಹೊಳೆಗಳ ನೀರು ಕೂಡಿ ಇಲ್ಲಿಯ ರಸ್ತೆಗೆ ಬಂದಿತ್ತು, ಅಂಚೆಯೂ ನಿಂತಿತ್ತು ಎಂದು ಸುಳ್ಳು ಹೇಳಬಹುದು. ನೀರು ಮೂರೇ ದಿನದಲ್ಲಿ ಇಳಿದಿತ್ತು.

ನಿನ್ನ ಕಾಗದವನ್ನು ನಾನು ಯಾರಿಗೂ ತೋರಿಸಲಿಲ್ಲ. ಎಂತ ಬರೆದಿದ್ದಾಳೆ ಎಂದು ಉಮ್ಮ ಕೇಳಿದಳು. ಆರೋಗ್ಯ ವಿಚಾರಿಸಿದ್ದಾಳೆ ಎಂದೆ.

ಹೌದು, ಕುರ್ಚಿ ಇಲ್ಲದಿದ್ದರೆ ಮೈಕ್ ಸಿಗುತ್ತಿರಲಿಲ್ಲ. ನಿನ್ನ ಅರ್ಜಿ ನನ್ನದಕ್ಕಿಂತ ಚೆನ್ನಾಗಿತ್ತು ಎಂದು ತರಬೇತಿ ನಡೆಸುವ ಕೇಂದ್ರದವರೇ ಹೇಳಿದ್ದಾರೆ. ಒಂದು ಲೆಕ್ಕ ನಿನಗೆ ಬಿಟ್ಟುಹೋಯಿತು. ನಮ್ಮ ಮನೆ ಹೆದ್ದಾರಿಯ ಪಕ್ಕ. ದಿನಕ್ಕೆ ನಾಲ್ಕೈದು ಸಲ ಸೈರನ್ ಕೇಳುತ್ತದೆ. ಪ್ರತಿ ಸಲ ನಾನು ಒಳಗೇ ಬೇಯುತ್ತೇನೆ. ಕಡಬದ ಗಾಡಿಯ ಸೈರನ್ನಿನ ಸದ್ದು ಸ್ವಲ್ಪ ಒಡಕು, ಅದು ನಿನ್ನದು ಎಂದು ಗುರುತು ಹಿಡಿಯುತ್ತೇನೆ. ಒಳಗಿರುವ ರೋಗಿ ಬದುಕಲಿ ಎಂದು ಮೊದಲು ಬೇಡಬೇಕಲ್ಲವೇ? ನಾನು ಮೊದಲು ಎಣಿಸುವುದು, ಅವಳು ನಿಂತುಕೊಂಡಿರಬಹುದು ಎಂದು. ಮೇಲಿನ ಕಂಬಿ ಹಿಡಿದು, ತಿರುವಿನಲ್ಲಿ ಕಾಲು ಅಗಲಿಸಿ ನಿಂತುಕೊಂಡಿರಬಹುದು.

ಸುಳ್ಯಕ್ಕೆ ನೀನು ಬರದೆ ಇದ್ದಾಗ ನನಗೆ ಸಮಾಧಾನವೇ ಆಯಿತು. ಅಲ್ಲಿ ನನ್ನ ತಪ್ಪು ಹಿಡಿಯುವವರು ಯಾರೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಮಾತು ನನಗೇ ಸಪ್ಪೆ ಎನಿಸಿತು.

ಒಂದು ಕೇಳುತ್ತೇನೆ. ಪುತ್ತೂರಿನಲ್ಲಿ ನೀನು ಎದ್ದು ಹೋದಾಗ ನಿನಗೆ ಫೋನ್ ಬಂದಿರಲಿಲ್ಲ. ಎಲ್ಲರ ಫೋನ್ ನಾವು ಬಾಗಿಲಲ್ಲೇ ತೆಗೆದಿಟ್ಟಿದ್ದೆವು.

ನಶೀದಾ


ಆಲೆಟ್ಟಿ
15 ಸೆಪ್ಟೆಂಬರ್ 2024

ನಶೀದಾ,

ರಜೆಯಲ್ಲಿ ಅಮ್ಮನ ಮನೆಗೆ ಬಂದಿದ್ದೇನೆ. ಇಲ್ಲಿ ಕೂತರೆ ಬರೆಯಬಹುದು, ಕಡಬದಲ್ಲಿ ಕಿಟ್ಟಣ್ಣನ ಮುಖ ಎದುರಿಗಿರುತ್ತದೆ.

2023ರ ಜನವರಿ, ಬೆಳಿಗ್ಗೆ ಹತ್ತೂವರೆ. ಕಾಣಿಯೂರಿನ ಒಳಗಿನ ಒಂದು ಮನೆಯಿಂದ ಕರೆ ಬಂತು. ತೀರ್ಥರಾಮ ಎಂದು, ನಲವತ್ತಾರು ವರ್ಷ. ಅದಕ್ಕೆ ನಾಲ್ಕು ವರ್ಷ ಮೊದಲು ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಎದೆಯಿಂದ ಕೆಳಗೆ ಸ್ಪರ್ಶವಿಲ್ಲ. ತಲೆನೋವು ಎಂದು ಹೆಂಡತಿ ಪೂವಮ್ಮ ಫೋನ್ ಮಾಡಿದ್ದರು. ಹೋಗಿ ನೋಡಿದರೆ ಮುಖ ಕೆಂಪಗೆ, ಹಣೆಯ ಬೆವರು ಕಣ್ಣಿಗಿಳಿಯುತ್ತಿತ್ತು. ಬಿಪಿ ಇನ್ನೂರ ಹತ್ತು. ಮೆದುಳಿನಲ್ಲಿ ರಕ್ತಸ್ರಾವ ಆದೀತು ಎಂದು ಚಪ್ಪಟೆ ಮಲಗಿಸಿ ಆಮ್ಲಜನಕ ಹಾಕಿದೆ. ಅವರು ಒಂದೇ ಸವನೆ ಹೇಳುತ್ತಿದ್ದರು, ‘ಎತ್ತಿ ಕೂರಿಸಿ ಮೇಡಂ. ಒಮ್ಮೆ ಎತ್ತಿ ಕೂರಿಸಿ.’

ಸುಮ್ಮನೆ ಮಲಗಿ, ಈಗ ಆಸ್ಪತ್ರೆ ಬಂತು ಎಂದೆ. ಕೈ ಊರಿ ಏಳಲು ನೋಡಿದರು. ನಾನು ಎದೆಯ ಬೆಲ್ಟನ್ನು ಇನ್ನೊಂದು ತೂತಿಗೆ ಬಿಗಿದೆ. ಮೂತ್ರದ ಚೀಲ ಅವರ ತೊಡೆಯ ಕೆಳಗೆ ಸಿಕ್ಕಿತ್ತು. ಖಾಲಿ ಇದೆ, ಗಾಡಿಯಲ್ಲಿ ಚೆಲ್ಲುವುದಿಲ್ಲ ಎಂದು ಸಮಾಧಾನಪಟ್ಟೆ. ಅದು ಖಾಲಿ ಯಾಕಿದೆ ಎಂದು ಕೇಳಿಕೊಳ್ಳಲಿಲ್ಲ. ಸವಣೂರು ದಾಟುವಾಗ ಮಾತು ತೊದಲಿತು. ಎರಡನೇ ದಿನ ತೀರಿಹೋದರು.

ಗಾಡಿಯ ಪುಸ್ತಕದಲ್ಲಿ ‘ಅಧಿಕ ರಕ್ತದೊತ್ತಡ, ಸ್ಥಿತಿ ಗಂಭೀರ’ ಎಂದು ಬರೆದೆ. ಕೈಲಾದದ್ದು ಮಾಡಿದೆ ಎಂದೇ ಒಂದೂವರೆ ವರ್ಷ ನಂಬಿದ್ದೆ. ಪುತ್ತೂರಿನಲ್ಲಿ ನೀನು ಮುಖ ಕೆಂಪಾಗುವುದು, ಹಣೆ ಬೆವರುವುದು ಎಂದು ಒಂದೊಂದಾಗಿ ಹೇಳುತ್ತಾ ಹೋದೆ. ಕಿಟ್ಟಣ್ಣ ನನ್ನ ಪಕ್ಕ ಕೂತಿದ್ದರು. ತಿರುಗಿ ನನ್ನನ್ನು ನೋಡಲಿಲ್ಲ, ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಅವರಿಂದ ಕೇಳಿ ತಿಳಿದುಕೊಂಡು ನೀನು ಬೇಕೆಂದೇ ನನ್ನ ಕಥೆಯನ್ನು ಸಭೆಯಲ್ಲಿ ಬಿಚ್ಚುತ್ತಿದ್ದೀಯ ಎಂದು ಎಣಿಸಿದೆ. ಎದ್ದು ಹೋದೆ. ಆಮೇಲೆ ನಿನ್ನ ಕಾಗದದಿಂದ ಗೊತ್ತಾಯಿತು, ನೀನು ಹೇಳಿದ್ದು ನಿನ್ನದೇ ಕಥೆ.

ಅದು ಇನ್ನೂ ಹೆಚ್ಚು ಉರಿಯಿತು. ನೀನು ಆ ಪಾಠ ಕಲಿತು ಬದುಕಿದ್ದೀಯ, ಅದಕ್ಕೆ ಚಪ್ಪಾಳೆಯೂ ಉಂಟು. ನಾನು ಕಲಿಯಲಿಕ್ಕೆ ಒಬ್ಬರು ಸಾಯಬೇಕಾಯಿತು, ಸತ್ತ ಮೇಲೂ ಕಲಿತಿರಲಿಲ್ಲ.

ಸ್ನೇಹಿತೆಯಾಗಿ ಬೇಡ, ತರಬೇತುದಾರಳಾಗಿ ಹೇಳು. ಅದೇ ಆಗಿತ್ತಾ?

ಸುಪ್ರಿತಾ


ಉಪ್ಪಿನಂಗಡಿ
24 ಸೆಪ್ಟೆಂಬರ್ 2024

ಸುಪ್ರೀ,

ಅದೇ ಇರಬೇಕು. ನೂರಕ್ಕೆ ನೂರು ಹೇಳಲು ನನ್ನಿಂದಾಗದು, ಯಾರಿಂದಲೂ ಆಗದು. ಆದರೆ ಅದೇ ಇರಬೇಕು. ಎತ್ತಿ ಕೂರಿಸಿ ಚೀಲವನ್ನು ತೊಡೆಯ ಕೆಳಗಿನಿಂದ ತೆಗೆದಿದ್ದರೆ ಉಳಿಯುವ ಸಾಧ್ಯತೆ ಇತ್ತು.

ಇಲ್ಲ ಎಂದು ಬರೆಯಲು ಎರಡು ದಿನ ನೋಡಿದೆ. ನೀನು ನಂಬುತ್ತಿದ್ದೆ, ಮತ್ತೆ ಜನ್ಮದಲ್ಲಿ ನನಗೆ ಬರೆಯುತ್ತಿರಲಿಲ್ಲ.

ನನ್ನ ಆರು ವರ್ಷದಲ್ಲಿ ಬೆನ್ನುಹುರಿ ಪೆಟ್ಟಾದ ಎಷ್ಟು ಜನರನ್ನು ಸಾಗಿಸಿದೆ ಎಂದು ಲೆಕ್ಕ ಹಾಕಿದೆ. ನೆನಪಿಗೆ ಬರುವವರು ಏಳು. ಏಳು ಮಂದಿಯನ್ನೂ ಮಲಗಿಸಿಯೇ ಕರೆದುಕೊಂಡು ಹೋದೆ. ಅವರಲ್ಲಿ ಯಾರಿಗೆ ಎಂತ ಆಯಿತು ಎಂದು ಹಿಂದೆ ಹೋಗಿ ಕೇಳಿದವಳಲ್ಲ. ನೀನು ಹೆಸರು, ವಯಸ್ಸು, ಗಂಟೆ ನೆನಪಿಟ್ಟುಕೊಂಡಿದ್ದೀಯ. ನನಗೆ ಒಂದು ಮುಖವೂ ನೆನಪಿಲ್ಲ.

ನೀನು ಕ್ಷಮೆ ಕೇಳಬೇಕಾದದ್ದು ನನ್ನ ಹತ್ತಿರ ಅಲ್ಲ. ಆ ಮನೆಗೆ ಹೋಗುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಹೋದರೆ ಅಳಲಿಕ್ಕೆ ಹೋಗಬೇಡ. ಅವರು ನಿನ್ನನ್ನು ಸಮಾಧಾನ ಮಾಡುವ ಹಾಗೆ ಆಗಬಾರದು.

ನವೆಂಬರಿನಲ್ಲಿ ಕಡಬದ ತರಬೇತಿ. ಅಲ್ಲಿ ಒಂದು ಗಂಟೆ ನಿನಗೆ ಇಟ್ಟಿದ್ದೇನೆ. ಕೇಂದ್ರದವರನ್ನು ಕೇಳಿಯೇ ಇಟ್ಟದ್ದು. ಪ್ರೀತಿಯಿಂದ ಇಟ್ಟೆ ಎಂದುಕೊಳ್ಳಬೇಡ. ಕೊಡಲು ನನಗೆ ಮನಸ್ಸೇ ಇರಲಿಲ್ಲ.

ನಶೀದಾ


ಕಡಬ
21 ಅಕ್ಟೋಬರ್ 2024

ನಶೀದಾ,

ಹೋಗಿ ಬಂದೆ.

ಕಿಟ್ಟಣ್ಣ ಬಿಡುವಿನ ದಿನ ತಮ್ಮ ಸ್ಕೂಟರಿನಲ್ಲಿ ಕರೆದುಕೊಂಡು ಹೋದರು, ಗೇಟಿನ ಹೊರಗೆ ನಿಂತರು. ಪೂವಮ್ಮನಿಗೆ ನನ್ನ ಗುರುತು ಸಿಕ್ಕಿತು. ಕೂರಿ ಎಂದರು, ನೀರು, ಬೆಲ್ಲ ತಂದಿಟ್ಟರು. ನಾನು ನಮ್ಮಿಬ್ಬರ ಮನೆಮಾತು ಅರೆಭಾಷೆಯಲ್ಲೇ ಮಾತು ಶುರು ಮಾಡಿದೆ. ಕನ್ನಡದಲ್ಲಿ ಹೇಳಿದ್ದರೆ ಆಫೀಸಿನವಳು ಬಂದ ಹಾಗೆ ಆಗುತ್ತಿತ್ತು. ಮಲಗಿಸಿದ್ದು, ಬೆಲ್ಟ್ ಬಿಗಿದದ್ದು, ಚೀಲ, ಎಲ್ಲವನ್ನೂ ಆದ ಹಾಗೆ ಹೇಳಿದೆ. ಅಳಲಿಲ್ಲ.

ಅವರು ಸೆರಗಿನ ಅಂಚು ಮಡಚಿದರು. ಆಮೇಲೆ ಕೇಳಿದ ಮೊದಲ ಮಾತು, ‘ಹಾಗಾದ್ರೆ ಟ್ಯೂಬ್ ಎಳೆದದ್ದರಿಂದ ಅಲ್ವಾ?’

ಆ ದಿನ ಬೆಳಿಗ್ಗೆ ಗಂಡನ ಮಗ್ಗುಲು ತಿರುಗಿಸುವಾಗ ಟ್ಯೂಬ್ ಅವರ ಕೈಗೆ ಸಿಕ್ಕಿ ಸ್ವಲ್ಪ ಎಳೆದಿತ್ತಂತೆ. ಅದರಿಂದಲೇ ಸತ್ತದ್ದು ಎಂದು ಇಷ್ಟು ದಿನ ನಂಬಿದ್ದರು. ಗಂಡನ ಕಡೆಯವರೂ ಹದಿಮೂರನೇ ದಿನ ಹಾಗೇ ಆಡಿಕೊಂಡರಂತೆ. ಗಾಡಿಯಲ್ಲಿ ಗಂಡ ಕೂರಿಸಿ ಕೂರಿಸಿ ಎನ್ನುವಾಗ ಎದ್ದು ಹಿಡಿಯಬೇಕು ಎಂದು ಇವರಿಗೂ ಅನಿಸಿತ್ತು, ಮೇಡಂಗೆ ಗೊತ್ತಿರುತ್ತದೆ ಎಂದು ಸುಮ್ಮನೆ ಕೂತರಂತೆ. ಮನೆಯಲ್ಲಿ ತಲೆನೋವು ಬಂದಾಗಲೆಲ್ಲ ಇವರು ಅವರನ್ನು ಕೂರಿಸಿಯೇ ಸರಿಮಾಡುತ್ತಿದ್ದರು. ಹೆಸರು ಗೊತ್ತಿಲ್ಲ, ಕಾರಣ ಗೊತ್ತಿಲ್ಲ, ಕೂರಿಸಿದರೆ ಇಳಿಯುತ್ತದೆ ಎಂದು ಮಾತ್ರ ಗೊತ್ತಿತ್ತು.

ತಪ್ಪು ನಿಮ್ಮದಲ್ಲ ಎಂದೆ. ಅವರು ನನ್ನನ್ನು ನೇರ ನೋಡಿದರು. ‘ಎರಡು ವರ್ಷ ಆಗ್ತಾ ಬಂತು, ನಾನೇ ಕೊಂದೆ ಅಂತ ಇದ್ದೆ ಮೇಡಂ. ಕ್ಷಮಿಸಿದೆ ಅಂತ ಹೇಳ್ಲಿಕ್ಕೆ ನನಗೆ ಬರುದಿಲ್ಲ. ಆದ್ರೆ ನೀವು ಬಂದು ಹೇಳದೆ ಇರ್ತಿದ್ರೆ ನಾನು ಹಾಗೇ ಸಾಯ್ತಿದ್ದೆ.’

ಆಮೇಲೆ ಗಂಡ ಮಲಗುತ್ತಿದ್ದ ಕೋಣೆ ತೋರಿಸಿದರು. ನಾಲ್ಕು ವರ್ಷದಲ್ಲಿ ಬೆನ್ನಿನಲ್ಲಿ ಒಂದು ಹುಣ್ಣೂ ಆಗಲು ಬಿಟ್ಟಿರಲಿಲ್ಲವಂತೆ. ಎರಡು ಗಂಟೆಗೊಮ್ಮೆ ಮಗ್ಗುಲು, ಹಾಸಿಗೆಯ ಬಟ್ಟೆಯಲ್ಲಿ ಒಂದು ನೆರಿಗೆ ಇರಬಾರದು, ಬಟ್ಟೆಯ ಕೆಳಗೆ ಕೈ ಆಡಿಸಿ ಅಕ್ಕಿಕಾಳು ಬಿದ್ದಿದ್ದರೂ ತೆಗೆಯುತ್ತಿದ್ದರು. ನಾನು ಎಂಥವಳು ನೋಡು, ಆ ಮನೆಯಲ್ಲಿ ಅಂಥ ಮಾತಿನ ನಡುವೆಯೂ ನನಗೆ ಹೊಟ್ಟೆಕಿಚ್ಚಾಯಿತು. ಏಳನೇ ತರಗತಿ ಓದಿದ ಹೆಂಗಸು ಒಂದು ದೇಹವನ್ನು ಇಷ್ಟು ತಿಳಿದುಕೊಂಡಿದ್ದಾರೆ, ನಾನು ಅದನ್ನು ಅವರ ಕೈಯಿಂದ ತೆಗೆದುಕೊಂಡು ಹೋದೆ.

ಕಡಬದ ತರಬೇತಿಗೆ ಬರುತ್ತೀರಾ ಎಂದು ಕೇಳಿದೆ. ಅವರು ಕೋಣೆಯ ಬಾಗಿಲು ಎಳೆದುಕೊಂಡು ಹೊರಗೆ ಬಂದರು.

ನಿನ್ನ
ಸುಪ್ರಿತಾ


ಉಪ್ಪಿನಂಗಡಿ
1 ಡಿಸೆಂಬರ್ 2024

ಸುಪ್ರೀ,

ಕಡಬದ ತರಬೇತಿಯ ಕಾಗದಗಳು ಬಂದವು. ಯಾರೂ ‘ಉಪಯುಕ್ತವಾಗಿತ್ತು’ ಎಂದು ಬರೆದಿಲ್ಲ. ಎಲ್ಲರೂ ಕಾಣಿಯೂರಿನ ಬಗ್ಗೆ ಬರೆದಿದ್ದಾರೆ.

ನೀನು ಮೈಕ್ ಬದಿಗಿಟ್ಟು ನಿಂತೇ ಹೇಳಿದೆ. ‘ಮಲಗಿಸಿದವಳು ನಾನೇ’ ಎಂದೆ. ಹೆಸರು, ಬಿಪಿ, ಬೆಲ್ಟಿನ ತೂತು, ಎಲ್ಲ. ಆಮೇಲೆ ಹಿಂದಿನ ಸಾಲಿನಿಂದ ಪೂವಮ್ಮ ಎದ್ದು ಬಂದರು. ಅವರು ಬಂದದ್ದು ನಿನಗೂ ಆಗಲೇ ಗೊತ್ತಾದದ್ದು ಎಂದು ನಿನ್ನ ಮುಖದಿಂದ ತಿಳಿಯಿತು. ಹಾಸಿಗೆಯ ಕೆಳಗೆ ಕೈ ಹೇಗೆ ಆಡಿಸುವುದು ಎಂದು ಸ್ಟ್ರೆಚರಿನ ಮೇಲೆ ತೋರಿಸಿದರು. ನಿಮ್ಮಿಬ್ಬರ ಮಾತು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ನನಗೆ ಪ್ರತಿ ಸಲ ತಟ್ಟುತ್ತಾರೆ. ಒಂದು ಸಲವೂ ನನಗೆ ಆ ಮೌನ ಸಿಕ್ಕಿಲ್ಲ.

ಇನ್ನು ನೀನೇ ಸುಳ್ಯದ ಹೊಸ ತಂಡಕ್ಕೆ ಕಲಿಸಬೇಕು ಎಂದು ಕೇಂದ್ರದವರು ಹೇಳುತ್ತಿದ್ದಾರೆ. ಅಭಿಪ್ರಾಯ ಕೇಳಿದರು. ಒಳ್ಳೆಯದು ಎಂದೆ. ಆ ಒಂದು ಪದ ಬರೆಯಲು ಹತ್ತು ಸಾಲಿನಷ್ಟು ಹೊತ್ತು ಹಿಡಿಯಿತು.

ನಶೀದಾ


ಕಡಬ
12 ಡಿಸೆಂಬರ್ 2024

ನಶೀದಾ,

ಆದೇಶ ಬಂತು. ಕೊರಳಿಗೆ ಹಾಕುವ ಕಾರ್ಡೂ ಬಂತು. ಕನ್ನಡಿಯ ಮುಂದೆ ಹಾಕಿ ನೋಡಿದೆ, ನಾಚಿಕೆಯಾಗಿ ತೆಗೆದೆ, ಮತ್ತೆ ಹಾಕಿದೆ.

ವಾರ್ಡಿನ ಬಾಗಿಲಿಂದ ಯಾಕೆ ಹಿಂದೆ ಹೋದೆ ಎಂದು ನೀನು ಕೇಳಲಿಲ್ಲ. ಹೇಳುತ್ತೇನೆ. ನಿನ್ನ ಮಂಚದ ಸುತ್ತ ಇಡೀ ಉಪ್ಪಿನಂಗಡಿ ನಿಂತ ಹಾಗಿತ್ತು. ಕಿಟ್ಟಣ್ಣ ಗಂಡಸು, ಮಗುವಿನ ಹಾಗೆ ಅಳುತ್ತಿದ್ದರು. ನಾನು ಬಿದ್ದಿದ್ದರೆ ಇಷ್ಟು ಜನ ಬರುತ್ತಿದ್ದರೇ ಎಂಬ ಯೋಚನೆ ಬಂತು. ನೀನು ಕತ್ತಿಗೆ ಪಟ್ಟಿ ಹಾಕಿ ಮಲಗಿದ್ದೆ, ನನಗೆ ಬಂದದ್ದು ಆ ಯೋಚನೆ. ಆ ಮುಖ ಹೊತ್ತು ಒಳಗೆ ಬರಲಾಗಲಿಲ್ಲ. ಮತ್ತೆ ಎಂದೂ ಆಗಲಿಲ್ಲ.

ಸುಳ್ಯದ ತಂಡಕ್ಕೆ ಎಂತ ಹೇಳಬೇಕು, ಎಂತ ಬಿಡಬೇಕು, ನಿನಗೆ ತೋಚಿದ್ದು ಬರೆ.

ನಿನ್ನ
ಸುಪ್ರಿ


ಉಪ್ಪಿನಂಗಡಿ
20 ಫೆಬ್ರವರಿ 2025

ಸುಪ್ರೀ,

ನಿನ್ನ ಡಿಸೆಂಬರಿನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಸುಳ್ಯದಲ್ಲಿ ನೀನು ಹೇಗೆ ಕಲಿಸಿದೆ ಎಂದು ಯಾರನ್ನೂ ಕೇಳಲೂ ಇಲ್ಲ. ಕೆಟ್ಟದಾಗಿ ಕಲಿಸಿದಳು ಎಂದು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೆ. ವಾರ್ಡಿನ ಬಾಗಿಲಿನದ್ದನ್ನು ನೀನು ಬರೆದ ಮೇಲೆ ನನಗೂ ಇದನ್ನು ಬರೆಯಲು ಸಂಕೋಚವಿಲ್ಲ.

ಕಳೆದ ಮಂಗಳವಾರ ಬೆಳಿಗ್ಗೆ ಉಮ್ಮ ಬೆಳ್ಳಾರೆಯಲ್ಲಿ ಒಂದು ಮದುವೆ ಮನೆಗೆ ಹೋಗಿದ್ದಳು. ಪಕ್ಕದ ಮನೆಯ ರಿಝ್ವಾನಾ ನನ್ನ ಜೊತೆಗಿದ್ದಳು. ಹನ್ನೊಂದು ಗಂಟೆಗೆ ಕುರ್ಚಿಯಲ್ಲಿ ಕೂತಿದ್ದ ಹಾಗೇ ತಲೆನೋವು ಶುರುವಾಯಿತು. ಬಿಪಿ ನೋಡಿಸಿದೆ, ನೂರಾ ಎಪ್ಪತ್ತು. ನಾನೇ ಹೇಳಿ ರಿಝ್ವಾನಾಳಿಂದ ಟ್ಯೂಬ್ ನೋಡಿಸಿದೆ, ಮಡಚಿರಲಿಲ್ಲ. ಚೀಲ ಖಾಲಿ ಮಾಡಿಸಿದೆ. ಇಳಿಯಲಿಲ್ಲ. ನೂರಾ ತೊಂಬತ್ತಾಯಿತು. ನನ್ನ ಪಾಠ ಅಲ್ಲಿಗೆ ಮುಗಿಯುತ್ತದೆ. ಮುಂದೆ ಎಂತ ಮಾಡಬೇಕೆಂದು ಮೂರು ತಾಲೂಕಿಗೆ ಕಲಿಸಿದವಳಿಗೆ ತೋಚಲಿಲ್ಲ. ಕಣ್ಣು ಕತ್ತಲೆ ಕಟ್ಟುತ್ತಿತ್ತು.

ಗಾಡಿ ಬಂತು. ಒಳಗಿನಿಂದ ಇಳಿದವಳು ಯಶಸ್ವಿ ಎಂದು, ಕೆಲಸಕ್ಕೆ ಸೇರಿ ಎರಡು ತಿಂಗಳು. ನನ್ನ ಗುರುತಿಲ್ಲ. ರಿಝ್ವಾನಾ ಮಲಗಿಸುವಾ ಎಂದಾಗ ಅವಳು ಕೈ ಅಡ್ಡ ಹಿಡಿದು, ‘ಮಲಗಬೇಡಿ ಅಕ್ಕ, ಹೀಗೇ ಕೂತಿರಿ’ ಎಂದಳು. ಟ್ಯೂಬನ್ನು ತುದಿಯಿಂದ ತುದಿಗೆ ಮತ್ತೊಮ್ಮೆ ನೋಡಿದಳು. ಅಲ್ಲಿ ನಿಲ್ಲಿಸಲಿಲ್ಲ. ಸೊಂಟದ ಕಟ್ಟು ಸಡಿಲಿಸಿದಳು, ಕಾಲಿನ ಉಗುರು ನೋಡಿದಳು, ರಿಝ್ವಾನಾಳಿಂದ ನನ್ನನ್ನು ಒಂದು ಬದಿಗೆ ವಾಲಿಸಿ ತೊಡೆಯ ಕೆಳಗೆ ಕೈ ಹಾಕಿ ನಿಧಾನಕ್ಕೆ ಆಡಿಸುತ್ತಾ ಹೋದಳು. ಬೆಳಿಗ್ಗೆ ತಲೆ ಬಾಚುವಾಗ ಜಾರಿ ಬಿದ್ದಿದ್ದ ಕ್ಲಿಪ್ ಅಲ್ಲಿತ್ತು. ಹಲ್ಲುಗಳು ಮಾಂಸಕ್ಕೆ ಊರಿ ನೀಲಿಯಾಗಿತ್ತು. ತೆಗೆದಳು. ಮೂರು ನಿಮಿಷದಲ್ಲಿ ನೂರಾ ನಲವತ್ತು, ಹತ್ತು ನಿಮಿಷದಲ್ಲಿ ನೂರಾ ಹತ್ತು.

ಕೆಳಗೆ ಕೈ ಹಾಕಿ ನೋಡುವುದು ನನ್ನ ಪಾಠದಲ್ಲಿ ಇರಲಿಲ್ಲ. ಪೂವಮ್ಮ ಕಡಬದಲ್ಲಿ ತೋರಿಸುವಾಗ ನಾನು ಎದುರಿಗೇ ಇದ್ದೆ, ಅದು ಹಾಸಿಗೆ ಹುಣ್ಣಿನ ವಿಷಯ ಎಂದುಕೊಂಡೆ. ನೀನು ಅದನ್ನು ಬಿಪಿಯ ಪಾಠಕ್ಕೆ ಸೇರಿಸಿದೆ. ನನಗೆ ಹೊಳೆಯಲಿಲ್ಲ, ನಿನಗೆ ಹೊಳೆಯಿತು.

ಆದರೂ ಆಸ್ಪತ್ರೆಗೆ ಹೋಗಿ ತೋರಿಸಿ ಬರುವಾ ಎಂದಳು. ಗಾಡಿಯಲ್ಲಿ ನನ್ನನ್ನು ನೇರ ಕೂರಿಸಿಕೊಂಡು ಪುತ್ತೂರಿಗೆ ಹೋದಳು. ದಾರಿಯಲ್ಲಿ ಕೇಳಿದೆ, ಯಾರು ಹೇಳಿಕೊಟ್ಟದ್ದು ಇದನ್ನೆಲ್ಲ ಎಂದು.

‘ಸುಪ್ರಿತಾ ಮೇಡಂ. ಕಡಬದವರು. ನೀವು ಒಮ್ಮೆ ಅವರನ್ನು ಕಾಣಬೇಕು ಅಕ್ಕ, ಅವರ ಹಾಗೆ ಯಾರೂ ಹೇಳಿಕೊಡುದಿಲ್ಲ.’

ನಾನು ಯಾರೆಂದು ಹೇಳಲು ಬಾಯಿ ತೆರೆದೆ. ಆ ತರಬೇತಿ ಶುರು ಮಾಡಿದ್ದೇ ನಾನು, ನಿನ್ನ ಸುಪ್ರಿತಾ ಮೇಡಂಗೆ ಲಕೋಟೆ ಕಳಿಸಿದವಳು ನಾನು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅವಳು ಮೇಲಿನ ಕಂಬಿ ಹಿಡಿದು ನಿಂತು, ಇನ್ನೊಂದು ಕೈಯಲ್ಲಿ ನನ್ನ ಭುಜ ಹಿಡಿದಿದ್ದಳು.

ಹೇಳಲಿಲ್ಲ, ಸುಪ್ರೀ. ಹೇಳದೆ ಇರುವುದು ನನಗೆ ಎಷ್ಟು ಕಷ್ಟವಾಯಿತು ಎಂಬುದನ್ನು ನಿನಗಲ್ಲದೆ ಬೇರೆ ಯಾರಿಗೆ ಬರೆಯಲಿ?

ನಿನ್ನ
ನಶೀದಾ